ಕಳೆ ಯಾವ ಮೂಲೆಯಿಂದ ಹೊರಟಿತು? ಕೆರೆಯ ನಕ್ಷೆ ಮಾಡುವವರಿಗೆ ಕೆಲವು ಮಾತು

ಕೆರೆ ಪೂರ್ತಿ ಹಸಿರಾದ ಮೇಲೆ ನಕ್ಷೆಯ ಅಗತ್ಯವೇ ಇಲ್ಲ. ಏರಿ ಮೇಲೆ ನಿಂತವರಿಗೆಲ್ಲ ಕಾಣುತ್ತದೆ. ಆಗ ಪತ್ರಿಕೆಯಲ್ಲಿ ಫೋಟೊ ಬರುತ್ತದೆ, ಯಂತ್ರ ಇಳಿಯುತ್ತದೆ, ಲಾರಿಗಟ್ಟಲೆ ಕಳೆ ದಡಕ್ಕೆ ಬಂದು ಬೀಳುತ್ತದೆ. ನನಗೆ ಬೇಕಾಗಿರುವುದು ಅದಕ್ಕೂ ಎರಡು ಮೂರು ತಿಂಗಳು ಹಿಂದಿನ ನಕ್ಷೆ. ಕಳೆ ಇನ್ನೂ ಹತ್ತು ಗುಂಟೆ ಇದ್ದಾಗ ಎಲ್ಲಿತ್ತು, ಯಾವ ಮೂಲೆಯಿಂದ ಹೊರಟಿತು, ಯಾವ ವಾರ ಹೊರಟಿತು? ಇವತ್ತು ನಾನು ಹೇಳುವುದೆಲ್ಲ ಈ ಪ್ರಶ್ನೆಯ ಸುತ್ತಲೇ ಇರುತ್ತದೆ.

ಮೊದಲು ಗಿಡದ ವಿಷಯ. ನಮ್ಮ ಕೆರೆಗಳಲ್ಲಿ ಹೆಚ್ಚು ಕಾಟ ಕೊಡುವುದು ನೇರಳೆ ಹೂವಿನ ಅಂತರಗಂಗೆ. ಎಲೆಯ ತೊಟ್ಟು ಉಬ್ಬಿ ಒಳಗೆ ಗಾಳಿ ತುಂಬಿರುತ್ತದಲ್ಲ, ಅದೇ ಗಿಡ. ಇದರ ಮೂಲ ದಕ್ಷಿಣ ಅಮೆರಿಕದ ಅಮೆಜಾನ್ ಪ್ರದೇಶ. ಹತ್ತೊಂಬತ್ತನೇ ಶತಮಾನದ ಕೊನೆಯ ಹೊತ್ತಿಗೆ ಹೂವಿನ ಚೆಂದಕ್ಕೆಂದು ಬಂಗಾಳಕ್ಕೆ ಬಂತು. ಅಲ್ಲಿನ ಹೊಳೆ, ಗದ್ದೆಗಳನ್ನು ಎಷ್ಟು ಹಾಳು ಮಾಡಿತೆಂದರೆ 1936ರಲ್ಲಿ ಬಂಗಾಳ ಸರ್ಕಾರ ಇದೊಂದು ಗಿಡಕ್ಕಾಗಿಯೇ ಕಾಯ್ದೆ ತಂದಿತು. ಬುಡದಿಂದ ಅಡ್ಡ ಬಳ್ಳಿ ಬಿಟ್ಟು ಮರಿ ಹಾಕುತ್ತಾ ಹೋಗುತ್ತದೆ. ಬಿಸಿಲು ಚೆನ್ನಾಗಿದ್ದು ನೀರಿನಲ್ಲಿ ಸಾರಜನಕ, ರಂಜಕ ಜಾಸ್ತಿ ಇದ್ದರೆ ಎರಡು ವಾರದೊಳಗೆ ದುಪ್ಪಟ್ಟಾಗುತ್ತದೆ. ಕೊಳಚೆ ನೀರು ಸೇರುವ ಕೆರೆಯಲ್ಲಿ ಇವೆರಡಕ್ಕೂ ಬರವಿಲ್ಲ, ಅಲ್ವಾ?

ಒಂದು ಲೆಕ್ಕ ಹಾಕಿ ನೋಡಿ. ನಿಮ್ಮದು ಇಪ್ಪತ್ತು ಎಕರೆ ಕೆರೆ ಎಂದಿಟ್ಟುಕೊಳ್ಳಿ. ಇವತ್ತು ಹತ್ತು ಗುಂಟೆ, ಅಂದರೆ ಕಾಲು ಎಕರೆ ಕಳೆ ಇದೆ. ಎರಡು ವಾರಕ್ಕೆ ಅರ್ಧ ಎಕರೆ. ನಾಲ್ಕನೇ ವಾರಕ್ಕೆ ಒಂದು, ಆರಕ್ಕೆ ಎರಡು, ಎಂಟಕ್ಕೆ ನಾಲ್ಕು, ಹತ್ತಕ್ಕೆ ಎಂಟು, ಹನ್ನೆರಡನೇ ವಾರಕ್ಕೆ ಹದಿನಾರು ಎಕರೆ. ಎರಡು ತಿಂಗಳು ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ, ಯಾಕಂದರೆ ಎಂಟನೇ ವಾರದಲ್ಲೂ ಕೆರೆಯ ಐದನೇ ಒಂದು ಪಾಲು ಮಾತ್ರ ಮುಚ್ಚಿರುತ್ತದೆ. ಮುಂದಿನ ಒಂದು ತಿಂಗಳಲ್ಲಿ ಕೆರೆಯೇ ಕಾಣುವುದಿಲ್ಲ. ಒತ್ತಾಗಿ ಬೆಳೆದ ಒಂದು ಎಕರೆ ಅಂತರಗಂಗೆ ನೂರು ಟನ್‌ಗೂ ಜಾಸ್ತಿ ಹಸಿ ತೂಕ ಬರಬಹುದು. ಅದರಲ್ಲಿ ನೂರಕ್ಕೆ ತೊಂಬತ್ತೈದರಷ್ಟು ನೀರೇ. ದುಡ್ಡು ಕೊಟ್ಟು ನೀರನ್ನು ಲಾರಿಗೆ ತುಂಬುತ್ತಿದ್ದೇವೆ. ಹತ್ತು ಗುಂಟೆ ಇದ್ದಾಗ ಒಂದು ತೆಪ್ಪ, ನಾಲ್ಕು ಆಳು ಇದ್ದರೆ ಆಗುವ ಕೆಲಸ ಅದು.

ಆ ಹತ್ತು ಗುಂಟೆ ಆಕಾಶದಿಂದ ಕಾಣುತ್ತದೆಯೇ? ಕಾಣುತ್ತದೆ. ಯುರೋಪಿನ ಸೆಂಟಿನೆಲ್-2 ಉಪಗ್ರಹಗಳು 2015ರಿಂದ ಚಿತ್ರ ತೆಗೆಯುತ್ತಿವೆ. ಎರಡನೆಯದು 2017ರಲ್ಲಿ ಹಾರಿತು. ಜೋಡಿ ಉಪಗ್ರಹಗಳು ಸೇರಿ ಐದು ದಿನಕ್ಕೊಮ್ಮೆ, ಬೆಳಿಗ್ಗೆ ಹತ್ತೂವರೆ ಆಸುಪಾಸಿನಲ್ಲಿ ನಮ್ಮ ತಲೆ ಮೇಲೆ ಹಾದು ಹೋಗುತ್ತವೆ. ಚಿತ್ರ ಪೂರ್ತಿ ಉಚಿತ. ಅದರ ಒಂದೊಂದು ಚುಕ್ಕೆ, ಪಿಕ್ಸೆಲ್ ಅನ್ನುತ್ತಾರಲ್ಲ, ಹತ್ತು ಮೀಟರ್‌ಗೆ ಹತ್ತು ಮೀಟರ್. ನಮ್ಮ ಗುಂಟೆ ಎಷ್ಟು? ಮೂವತ್ತಮೂರು ಅಡಿಗೆ ಮೂವತ್ತಮೂರು ಅಡಿ, ಅಂದರೆ 101 ಚದರ ಮೀಟರ್. ಪಿಕ್ಸೆಲ್ ನೂರು ಚದರ ಮೀಟರ್. ಒಂದು ಪಿಕ್ಸೆಲ್ ಅಂದರೆ ಒಂದು ಗುಂಟೆ! ಈ ಹೊಂದಾಣಿಕೆ ನನಗೆ ಬಹಳ ಇಷ್ಟ. ಹಳ್ಳಿಗಳಲ್ಲಿ ಉಪಗ್ರಹ ಚಿತ್ರ ತೋರಿಸುವಾಗ ನಾನು ಮೀಟರ್ ಲೆಕ್ಕ ಹೇಳುವುದೇ ಇಲ್ಲ. ‘ಒಂದು ಚೌಕ ಒಂದು ಗುಂಟೆ’ ಅಂದ ತಕ್ಷಣ ಎಲ್ಲರೂ ಪರದೆಯ ಮೇಲೆ ಚೌಕ ಎಣಿಸಲು ಶುರು ಮಾಡುತ್ತಾರೆ. ಬೆಳ್ಳಂದೂರು ಕೆರೆ ಸುಮಾರು ಒಂಬೈನೂರು ಎಕರೆ. ಅಲ್ಲಿಗೆ ಮೂವತ್ತಾರು ಸಾವಿರ ಚೌಕ ಆಯಿತು.

ಇನ್ನು ಉಪಗ್ರಹ ಗಿಡವನ್ನು ಹೇಗೆ ಗುರುತಿಸುತ್ತದೆ? ಎಲೆ ಕೆಂಪು ಬೆಳಕನ್ನು ಹೀರಿಕೊಂಡು ಊಟ ತಯಾರಿಸುತ್ತದೆ. ಕೆಂಪಿನ ಪಕ್ಕದ ಇನ್‌ಫ್ರಾರೆಡ್ ಬೆಳಕು ಅದಕ್ಕೆ ಬೇಡ, ಅದನ್ನು ಹೆಚ್ಚುಕಮ್ಮಿ ವಾಪಸ್ ಎಸೆಯುತ್ತದೆ. ನೀರು ಇದಕ್ಕೆ ಉಲ್ಟಾ. ಇನ್‌ಫ್ರಾರೆಡ್ ಬೆಳಕನ್ನು ಪೂರ್ತಿ ನುಂಗಿಬಿಡುತ್ತದೆ. ಹಾಗಾಗಿ ಆ ಬೆಳಕಿನ ಚಿತ್ರದಲ್ಲಿ ತೆರೆದ ನೀರು ಕಪ್ಪು, ಗಿಡ ಬೆಳ್ಳಗೆ. ಇನ್‌ಫ್ರಾರೆಡ್‌ನಿಂದ ಕೆಂಪನ್ನು ಕಳೆದು, ಎರಡರ ಮೊತ್ತದಿಂದ ಭಾಗಿಸಿದರೆ ಬರುವ ಅಂಕಿಯೇ ಎನ್‌ಡಿವಿಐ, ಅಂದರೆ ಹಸಿರಿನ ಅಳತೆ. ತೆರೆದ ನೀರಿಗೆ ಸಾಮಾನ್ಯವಾಗಿ ಸೊನ್ನೆಗಿಂತ ಕಡಿಮೆ, ದಟ್ಟ ಅಂತರಗಂಗೆಗೆ 0.6, 0.7ರ ಸುತ್ತಮುತ್ತ. ಇದಿಷ್ಟನ್ನು ಕಂಪ್ಯೂಟರ್ ಒಂದು ನಿಮಿಷದಲ್ಲಿ ಮಾಡಿಕೊಡುತ್ತದೆ. ತುಂಬಾ ಜನ ಇಲ್ಲಿಗೇ ನಿಲ್ಲಿಸಿ, ಹಸಿರು ಬಂದದ್ದೆಲ್ಲ ಕಳೆ ಎಂದು ವರದಿ ಬರೆದುಬಿಡುತ್ತಾರೆ. ಅಸಲಿ ಕೆಲಸ ಶುರುವಾಗುವುದೇ ಇಲ್ಲಿಂದ.

ಕೆರೆಯಲ್ಲಿ ಹಸಿರಾಗಿ ಕಾಣುವುದು ಏನೇನು? ಅಂತರಗಂಗೆ ಒಂದು. ದಡದಲ್ಲಿ ಬೇರು ಬಿಟ್ಟ ಜೊಂಡು ಇನ್ನೊಂದು. ನೀರಿನ ಮೇಲೆ ಕಟ್ಟುವ ಹಸಿರು ಪಾಚಿ. ತಾವರೆ. ಬೇಸಿಗೆಯಲ್ಲಿ ನೀರು ಇಳಿದು ಕೆರೆ ಅಂಗಳದಲ್ಲಿ ಬರುವ ಹುಲ್ಲು. ಕೋಲಾರ, ಚಿಕ್ಕಬಳ್ಳಾಪುರದ ಕಡೆ ಅಂಗಳದಲ್ಲಿ ರಾಗಿ, ತರಕಾರಿ ಬೆಳೆದದ್ದೂ ಇರಬಹುದು. ಇವೆಲ್ಲಕ್ಕೂ ಎನ್‌ಡಿವಿಐ ಹೆಚ್ಚು ಬರುತ್ತದೆ. ಒಂದು ದಿನದ ಚಿತ್ರದಲ್ಲಿ ಇವನ್ನು ಬೇರೆ ಮಾಡುವುದು ಕಷ್ಟ.

ಪಾಚಿಯ ವಿಷಯ ಸ್ವಲ್ಪ ಸುಲಭ. ಪಾಚಿ ನೀರಿನ ಮಟ್ಟದಲ್ಲೇ ಒದ್ದೆಯಾಗಿರುತ್ತದೆ, ಅಂತರಗಂಗೆಯ ಎಲೆ ನೀರಿನಿಂದ ಮೇಲೆದ್ದು ಒಣ ಗಾಳಿಯಲ್ಲಿರುತ್ತದೆ. ಇನ್‌ಫ್ರಾರೆಡ್‌ನಲ್ಲೂ ಇನ್ನಷ್ಟು ಉದ್ದ ಅಲೆಯ ಒಂದು ಪಟ್ಟಿ ಇದೆ, ಅದು ನೀರಿನ ಅಂಶಕ್ಕೆ ಬಹಳ ಸೂಕ್ಷ್ಮ. ಅದರಲ್ಲಿ ಪಾಚಿ ಸಾಮಾನ್ಯವಾಗಿ ಕಪ್ಪಗಾಗುತ್ತದೆ, ಎದ್ದು ನಿಂತ ಎಲೆ ಅಷ್ಟು ಕಪ್ಪಗಾಗುವುದಿಲ್ಲ. ಆದರೆ ಸೆಂಟಿನೆಲ್‌ನಲ್ಲಿ ಈ ಪಟ್ಟಿಯ ಚೌಕ ಇಪ್ಪತ್ತು ಮೀಟರ್‌ನದು, ಒಂದು ಚೌಕಕ್ಕೆ ನಾಲ್ಕು ಗುಂಟೆ. ಸಣ್ಣ ಕೆರೆಯಲ್ಲಿ ಅದು ಒರಟಾಯಿತು.

ಜೊಂಡನ್ನು, ಹುಲ್ಲನ್ನು ಬೇರೆ ಮಾಡಲು ನಾನು ನೆಚ್ಚಿಕೊಂಡಿರುವುದು ಕಾಲವನ್ನು. ವರ್ಷವಿಡೀ ಮೋಡವಿಲ್ಲದ ಚಿತ್ರಗಳನ್ನೆಲ್ಲ ಒಂದರ ಮೇಲೊಂದು ಇಟ್ಟು, ಪ್ರತಿ ಚೌಕವೂ ಎಷ್ಟು ಚಿತ್ರಗಳಲ್ಲಿ ಹಸಿರಾಗಿತ್ತು ಎಂದು ಎಣಿಸಿ. ಎಲ್ಲ ಚಿತ್ರಗಳಲ್ಲೂ ಅದೇ ಜಾಗದಲ್ಲಿ ಹಸಿರು ಇದ್ದರೆ ಹೆಚ್ಚಾಗಿ ಅದು ಜೊಂಡು, ಬೇರು ಬಿಟ್ಟು ಕೂತಿದೆ. ಫೆಬ್ರವರಿಯಿಂದ ಮೇವರೆಗೆ ಮಾತ್ರ ಹಸಿರಾಗಿ, ಮಳೆ ಬಂದ ಮೇಲೆ ನೀರಾದರೆ ಅದು ಅಂಗಳದ ಹುಲ್ಲು. ಇವತ್ತು ಇಲ್ಲಿ, ಹದಿನೈದು ದಿನದಲ್ಲಿ ಅಲ್ಲಿ, ಮತ್ತೆ ಇಲ್ಲಿ ಎಂದು ಓಡಾಡಿದರೆ ಅದು ತೇಲುವ ಕಳೆ. ಈ ಎಣಿಕೆಯ ನಕ್ಷೆಗೆ ಬಣ್ಣ ಕೊಟ್ಟರೆ ಕೆರೆಯ ಒಂದು ವರ್ಷದ ನಡವಳಿಕೆ ಒಂದೇ ಹಾಳೆಯಲ್ಲಿ ಸಿಗುತ್ತದೆ. ಉಪಗ್ರಹ ಚಿತ್ರಗಳ ಲೆಕ್ಕ ಮಾಡಿಕೊಡುವ ಗೂಗಲ್ ಅರ್ಥ್ ಎಂಜಿನ್ ಎಂಬ ಜಾಲತಾಣದಲ್ಲಿ ಇದಕ್ಕೆ ಕೆಲವೇ ಸಾಲು ಕೋಡ್ ಸಾಕು. ಕಲಿಕೆಗೆ, ಸಂಶೋಧನೆಗೆ ಅದು ಉಚಿತ. ಇಲ್ಲಿ ಕೂತಿರುವ ಕಾಲೇಜಿನ ಮಕ್ಕಳು ಇದನ್ನು ಖಂಡಿತ ಮಾಡಬಹುದು.

ಜೊಂಡನ್ನು ಬೇರೆ ಮಾಡಲೇಬೇಕು ಎಂದು ನಾನು ಹಟ ಹಿಡಿಯುವುದಕ್ಕೆ ಕಾರಣವಿದೆ. ಜೊಂಡಿನ ಅಂಚು ಹಕ್ಕಿಗಳ ಮನೆ. ಗುಳುಮುಳುಕ ಗೂಡು ಕಟ್ಟುವುದು ಅಲ್ಲೇ, ಮೀನಿನ ಮರಿಗಳು ಅಡಗುವುದೂ ಅಲ್ಲೇ. ಕೊಳಚೆಯ ಸಾರವನ್ನು ಅದೂ ಒಂದಿಷ್ಟು ಹೀರಿಕೊಳ್ಳುತ್ತದೆ. ನಕ್ಷೆಯಲ್ಲಿ ಎರಡಕ್ಕೂ ಒಂದೇ ಬಣ್ಣ ಬಳಿದರೆ ಯಂತ್ರದವರು ಎರಡನ್ನೂ ಒಟ್ಟಿಗೆ ಕಿತ್ತು ಹಾಕುತ್ತಾರೆ. ಅವರ ಕೈಯಲ್ಲಿರುವುದು ನಾವು ಕೊಟ್ಟ ನಕ್ಷೆ ತಾನೇ? ಜೊಂಡು ಕೆರೆಯ ನಡುವಿಗೇ ನುಗ್ಗಿದ್ದರೆ ತೆಗೆಯಬೇಕು, ಅದನ್ನು ಒಪ್ಪುತ್ತೇನೆ. ಅದು ಬೇರೆ ತೀರ್ಮಾನ, ಬೇರೆ ನಕ್ಷೆ.

ಗಾಳಿಯ ಕಾಟವೂ ಇದೆ. ಮುಂಗಾರಿನಲ್ಲಿ ಬೆಂಗಳೂರಿನ ಕಡೆ ಗಾಳಿ ಪಶ್ಚಿಮದಿಂದ, ನೈಋತ್ಯದಿಂದ ಜೋರಾಗಿ ಬೀಸುತ್ತದೆ. ತೇಲುವ ಕಳೆಯೆಲ್ಲ ಪೂರ್ವದ ದಡಕ್ಕೆ ಹೋಗಿ ಒತ್ತಿಕೊಳ್ಳುತ್ತದೆ. ಚಿತ್ರದಲ್ಲಿ ಏನು ಕಾಣುತ್ತದೆ? ಹಿಂದಿನ ತಿಂಗಳು ಎಂಟು ಎಕರೆ, ಈ ತಿಂಗಳು ಐದು ಎಕರೆ. ಕಳೆ ಕಡಿಮೆಯಾಯಿತು ಎಂದು ಖುಷಿಪಡಬೇಡಿ. ಒಂದು ಗಿಡವೂ ಸತ್ತಿಲ್ಲ, ಎಲ್ಲ ಒಟ್ಟಿಗೆ ಸೇರಿ ದಟ್ಟವಾಗಿದೆ ಅಷ್ಟೆ. ಚಳಿಗಾಲದಲ್ಲಿ ಗಾಳಿ ಮೂಡಣ ಕಡೆಯಿಂದ ತಿರುಗಿದಾಗ ಮತ್ತೆ ಹರಡುತ್ತದೆ. ಅದಕ್ಕೇ ಎಕರೆ ಲೆಕ್ಕದ ಪಕ್ಕದಲ್ಲಿ ಆ ದಿನದ ಗಾಳಿಯ ದಿಕ್ಕನ್ನೂ ಬರೆದಿಡಿ ಎಂದು ಹೇಳುತ್ತೇನೆ. ಕಳೆ ತೆಗೆಯಲು ಇದು ಒಳ್ಳೆಯ ಸಮಯವೂ ಹೌದು. ಗಾಳಿಯೇ ಎಲ್ಲವನ್ನೂ ಒಂದು ಮೂಲೆಗೆ ತಂದು ಕೊಟ್ಟಿರುವಾಗ ಯಂತ್ರವನ್ನು ಕೆರೆ ಸುತ್ತ ಓಡಿಸುವುದು ಯಾಕೆ?

ಮುಂಗಾರಿನಲ್ಲಿ ಮೋಡ ಇರುತ್ತದಲ್ಲ, ಚಿತ್ರ ಹೇಗೆ ಸಿಗುತ್ತದೆ ಎಂದು ನೀವು ಕೇಳಬಹುದು. ಸಿಗುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎಷ್ಟೋ ಸಲ ತಿಂಗಳಿಗೆ ಒಂದು ಒಳ್ಳೆಯ ಚಿತ್ರವೂ ಬರುವುದಿಲ್ಲ. ಆಗ ರಾಡಾರ್ ಬೇಕು. ಸೆಂಟಿನೆಲ್-1 ತಾನೇ ಅಲೆ ಕಳಿಸಿ, ವಾಪಸ್ ಬಂದದ್ದನ್ನು ಅಳೆಯುತ್ತದೆ. ಅದಕ್ಕೆ ಮೋಡ, ಕತ್ತಲೆ ಯಾವುದೂ ಅಡ್ಡಿಯಲ್ಲ. ಕನ್ನಡಿಗೆ ಓರೆಯಾಗಿ ಟಾರ್ಚ್ ಬಿಟ್ಟರೆ ಬೆಳಕು ಆ ಕಡೆಗೆ ಹೋಗಿಬಿಡುವಂತೆ, ನಿಂತ ನೀರಿಗೆ ಬಡಿದ ಅಲೆ ಉಪಗ್ರಹಕ್ಕೆ ವಾಪಸ್ ಬರುವುದಿಲ್ಲ. ನೀರು ಕಪ್ಪಾಗಿ ಕಾಣುತ್ತದೆ. ಎಲೆಗಳ ರಾಶಿಗೆ ಬಡಿದದ್ದು ಎಲ್ಲ ದಿಕ್ಕಿಗೂ ಚೆದುರಿ ಸ್ವಲ್ಪ ವಾಪಸ್ ಬರುತ್ತದೆ, ಹಾಗಾಗಿ ಕಳೆ ಬೆಳ್ಳಗೆ. ಗಾಳಿಗೆ ನೀರಿನಲ್ಲಿ ತೆರೆ ಎದ್ದರೆ ನೀರೂ ಬೆಳ್ಳಗಾಗಿ ಗೊಂದಲವಾಗುತ್ತದೆ. ರಾಡಾರ್ ಚಿತ್ರ ಓದಲು ಕಣ್ಣು ಪಳಗಬೇಕು. ಆದರೂ ಮಳೆಗಾಲದ ನಾಲ್ಕು ತಿಂಗಳು ಕುರುಡಾಗಿ ಕೂರುವುದಕ್ಕಿಂತ ಇದು ಎಷ್ಟೋ ವಾಸಿ.

ಇಲ್ಲಿ ಸ್ವಲ್ಪ ದೂರದ ಒಂದು ಕೆರೆಗೆ ಹೋಗಿ ಬರೋಣ. ಆಫ್ರಿಕಾದ ವಿಕ್ಟೋರಿಯಾ ಸರೋವರ. ಕೀನ್ಯಾ ಕಡೆಯ ವಿನಮ್ ಕೊಲ್ಲಿಯಲ್ಲಿ 1998ರ ಹೊತ್ತಿಗೆ 17,000 ಹೆಕ್ಟೇರ್‌ಗೂ ಹೆಚ್ಚು ನೀರನ್ನು ಇದೇ ಅಂತರಗಂಗೆ ಮುಚ್ಚಿತ್ತು. ಮೀನುಗಾರರು ದೋಣಿ ಇಳಿಸಲು ಆಗುತ್ತಿರಲಿಲ್ಲ. 2000ದ ಹೊತ್ತಿಗೆ ಬಹುಪಾಲು ಕಳೆ ಹೋಯಿತು. ಇದಕ್ಕೆ ಕಾರಣ ಏನು? ಅಂತರಗಂಗೆಯನ್ನೇ ತಿಂದು ಬದುಕುವ ನಿಯೊಕೆಟಿನಾ ಎಂಬ ಸೊಂಡಿಲು ಹುಳುಗಳನ್ನು ಆ ವರ್ಷಗಳಲ್ಲೇ ಅಲ್ಲಿ ಬಿಟ್ಟಿದ್ದರು. 1997-98ರ ಎಲ್ ನಿನೊ ಮಳೆ, ಬಿರುಗಾಳಿಯೂ ಅದೇ ಹೊತ್ತಿಗೆ ಬಂತು. ಹುಳುವೇ ಕಾರಣ ಎಂದು ಕೆಲವು ವಿಜ್ಞಾನಿಗಳು, ಹವಾಮಾನ ಕಾರಣ ಎಂದು ಇನ್ನು ಕೆಲವರು. ಈ ವಾದ ನಡೆಯುವುದಕ್ಕಾದರೂ ಸಾಧ್ಯವಾಗಿದ್ದು ಆ ವರ್ಷಗಳ ಉಪಗ್ರಹ ಚಿತ್ರಗಳು ಕೈಯಲ್ಲಿ ಇದ್ದದ್ದರಿಂದ. ಯಾವ ತಿಂಗಳು ಎಲ್ಲಿ ಎಷ್ಟಿತ್ತು ಎಂಬ ದಾಖಲೆ ಇಲ್ಲದಿದ್ದರೆ ಎಲ್ಲರೂ ತಮಗೆ ತೋಚಿದ್ದು ಹೇಳಿಕೊಂಡು ಇರಬಹುದಿತ್ತು.

ಆ ಹುಳುಗಳಿಗೂ ನಮಗೂ ನಂಟಿದೆ. 1980ರ ದಶಕದ ಆರಂಭದಲ್ಲೇ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಇವನ್ನು ತರಿಸಿ, ಬೇರೆ ಬೆಳೆಗಳನ್ನು ತಿನ್ನುವುದಿಲ್ಲ ಎಂದು ಪರೀಕ್ಷಿಸಿ, ಬೆಂಗಳೂರಿನ ಕೆರೆಗಳಲ್ಲಿ ಬಿಟ್ಟರು. ಹುಳು ಎಲೆಯನ್ನು ಕೆರೆದು ತಿನ್ನುತ್ತದೆ. ಅದರ ಮರಿ ತೊಟ್ಟಿನೊಳಗೆ ಕೊರೆಯುತ್ತದೆ. ಒಂದು ಎಲೆ ಕಿತ್ತು ನೋಡಿ, ಅಲ್ಲಲ್ಲಿ ಅಕ್ಕಿ ಕಾಳಿಗಿಂತ ಸಣ್ಣ ಕಂದು ಕಲೆ ಕಂಡರೆ ಹುಳು ಇದೆ ಎಂದೇ ಅರ್ಥ. ಹುಳುವಿನ ಹಾವಳಿ ಜಾಸ್ತಿಯಾಗಿ ಎಲೆ ಸೊರಗಿದರೆ ಅದೂ ಚಿತ್ರದಲ್ಲಿ ಸಿಗುತ್ತದೆ. ಕೆಂಪು ಮತ್ತು ಇನ್‌ಫ್ರಾರೆಡ್ ನಡುವಿನ ‘ರೆಡ್ ಎಡ್ಜ್’ ಎಂಬ ಪಟ್ಟಿಗಳು ಸೆಂಟಿನೆಲ್-2ರಲ್ಲಿವೆ. ಎಲೆಯ ಹಸಿರು ಕಡಿಮೆಯಾದಾಗ ಅವು ಬದಲಾಗುತ್ತವೆ. ಆದರೆ ಕೊಳಚೆ ನೀರಿನಲ್ಲಿ ಗಿಡ ಬೆಳೆಯುವ ವೇಗಕ್ಕೆ ಹುಳು ತಿನ್ನುವ ವೇಗ ಸಾಲುವುದಿಲ್ಲ. ಯಂತ್ರ ಹಾಕಿ ಪೂರ್ತಿ ಬಳಿದರೆ ಗಿಡದ ಜೊತೆ ಹುಳುವೂ ಲಾರಿ ಹತ್ತುತ್ತದೆ. ಸೊರಗಿದ ತುಂಡನ್ನು ಒಂದಿಷ್ಟು ಬಿಟ್ಟು ಉಳಿದದ್ದನ್ನು ತೆಗೆಯಿರಿ ಎಂದು ಹೇಳಬೇಕಾದರೆ, ಸೊರಗಿದ ತುಂಡು ಯಾವುದು ಎಂದು ನಮಗೆ ಮೊದಲು ಗೊತ್ತಿರಬೇಕು.

ಈಗ ಏರಿ ಮೇಲಿನ ಕೆಲಸ. ಕಂಪ್ಯೂಟರ್ ಹೇಳಿದ್ದು ಸರಿಯೇ ಎಂದು ಹೋಗಿ ನೋಡದೆ ನಕ್ಷೆ ಮುಗಿಯುವುದಿಲ್ಲ. ಮೊಬೈಲ್‌ನಲ್ಲಿ ಜಿಪಿಎಸ್ ಇದೆ. ನಿಂತ ಜಾಗ ಗುರುತು ಹಾಕಿ, ಫೋಟೊ ತೆಗೆದು, ಏನಿದೆ ಎಂದು ಬರೆಯಿರಿ: ‘ಅಂತರಗಂಗೆ, ದಟ್ಟ’, ‘ಜೊಂಡು’, ‘ಪಾಚಿ’, ‘ನೀರು’. ಚಿತ್ರ ತೆಗೆದ ದಿನದ ಹಿಂದೆ ಮುಂದೆ ಎರಡು ಮೂರು ದಿನದೊಳಗೆ ಹೋಗಬೇಕು, ತೇಲುವ ಗಿಡ ಕಾಯುತ್ತಾ ಕೂರುವುದಿಲ್ಲ. ದಡದಿಂದ ಒಂದು ಗುಂಟೆ ಒಳಗಿನ ಜಾಗ ಆರಿಸಿಕೊಳ್ಳಿ. ಅಂಚಿನ ಚೌಕದಲ್ಲಿ ಅರ್ಧ ಏರಿಯ ಮರ, ಅರ್ಧ ನೀರು ಸೇರಿಕೊಂಡಿರುತ್ತದೆ.

ಹೋದಾಗ ಅಲ್ಲಿರುವವರ ಜೊತೆ ಮಾತಾಡಿ. ಬೆಂಗಳೂರಿನ ಪೂರ್ವಕ್ಕಿರುವ ಒಂದು ಕೆರೆಯಲ್ಲಿ ನಮ್ಮ ನಕ್ಷೆಯ ಒಂದು ತುಂಡು ಅಂತರಗಂಗೆಯ ಲೆಕ್ಕಕ್ಕೆ ಸರಿಯಾಗಿ ಕೂರುತ್ತಿರಲಿಲ್ಲ. ತೇಲುತ್ತಿತ್ತು, ಆದರೆ ಓಡಾಡುತ್ತಿರಲಿಲ್ಲ. ಪ್ರತಿ ಸಲವೂ ಕೋಡಿ ಕಡೆಯ ಅಂಚು ಮಾತ್ರ ಕತ್ತರಿಸಿದಂತೆ ಕಾಣುತ್ತಿತ್ತು. ಅಲ್ಲಿ ಹಸುಗಳಿಗೆ ಹುಲ್ಲು ಕೊಯ್ಯಲು ಬರುತ್ತಿದ್ದ ಒಬ್ಬ ಅಮ್ಮನನ್ನು ಕೇಳಿದೆ. ಅವರು ಕುಡುಗೋಲಿನಲ್ಲಿ ಒಂದು ಹಿಡಿ ಎತ್ತಿ ತೋರಿಸಿದರು. ‘ಇದು ಆ ಹೂವಿನ್ದಲ್ಲಪ್ಪಾ. ಹೊನಗೊನ್ನೆ ಥರ ಇರುತ್ತೆ, ಹಸು ತಿನ್ನುತ್ತೆ. ಆ ಹೂವಿನ್ದನ್ನ ಹಸು ಮೂಸಿಯೂ ನೋಡಲ್ಲ’ ಅಂದರು. ಒಳಗೆ ಪೊಳ್ಳಾದ ಕಾಂಡ, ಗಂಟಿನಲ್ಲಿ ಎದುರುಬದುರು ಎಲೆ, ಉದ್ದ ತೊಟ್ಟಿನ ತುದಿಯಲ್ಲಿ ಸಣ್ಣ ಬಿಳಿ ಹೂಗುಚ್ಛ. ಅಲಿಗೇಟರ್ ಕಳೆ! ಅದೂ ದಕ್ಷಿಣ ಅಮೆರಿಕದ್ದೇ. ದಡದಲ್ಲಿ ಬೇರು ಬಿಟ್ಟು ನೀರಿನ ಮೇಲೆ ಚಾಪೆ ಹಾಸುತ್ತದೆ, ಅದಕ್ಕೇ ಗಾಳಿಗೆ ಹೋಗುವುದಿಲ್ಲ. ದಡಕ್ಕೆ ಹತ್ತಿರ ಇರುವುದನ್ನು ಆ ಅಮ್ಮ, ಅವರ ಜೊತೆಯವರು ದಿನಾ ಕೊಯ್ಯುತ್ತಿದ್ದರು. ಅಂಚು ಕತ್ತರಿಸಿದಂತೆ ಕಾಣುತ್ತಿದ್ದುದು ಆ ಕುಡುಗೋಲಿನ ಗುರುತು. ಅಂಥವರನ್ನು ‘ಅತಿಕ್ರಮ ಪ್ರವೇಶ’ ಎಂದು ಬೇಲಿಯ ಆಚೆ ನಿಲ್ಲಿಸಿದ ಕೆರೆಗಳೂ ಇವೆ. ಒಂದು ಮಾತನ್ನು ಮಾತ್ರ ಅವರಿಗೆ ಹೇಳಲೇಬೇಕು. ಕೊಳಚೆ ಕೆರೆಯ ಗಿಡದಲ್ಲಿ ಭಾರ ಲೋಹಗಳು ಸೇರಿರಬಹುದು, ಸೊಪ್ಪೆಂದು ಮನೆ ಅಡುಗೆಗೆ ಒಯ್ಯುವುದು ಬೇಡ.

ಡ್ರೋನ್ ಬಗ್ಗೆ ಎಲ್ಲರಿಗೂ ಆಸೆ. ಕೆಲವು ಸೆಂಟಿಮೀಟರ್‌ವರೆಗೆ ಕಾಣುತ್ತದೆ, ಒಂದೊಂದು ಗಿಡ ಎಣಿಸಬಹುದು, ನಿಜ. ಆದರೆ 2021ರ ಡ್ರೋನ್ ನಿಯಮಗಳ ಪ್ರಕಾರ ವಿಮಾನ ನಿಲ್ದಾಣದ ಸುತ್ತಮುತ್ತ ಸುಮ್ನೆ ಹಾರಿಸುವಂತಿಲ್ಲ. ಬೆಳ್ಳಂದೂರು ಇರುವುದು ಎಚ್‌ಎಎಲ್ ನಿಲ್ದಾಣದ ಮಗ್ಗುಲಲ್ಲೇ. ಮೊದಲು ಡಿಜಿಟಲ್ ಸ್ಕೈ ನಕ್ಷೆಯಲ್ಲಿ ನಿಮ್ಮ ಕೆರೆ ಯಾವ ಬಣ್ಣದ ವಲಯದಲ್ಲಿದೆ ನೋಡಿಕೊಳ್ಳಿ. ಇನ್ನೊಂದು ತೊಂದರೆ ಕೆರೆಗೇ ಸೇರಿದ್ದು. ನೂರಾರು ಫೋಟೊ ಹೊಲಿದು ಒಂದು ನಕ್ಷೆ ಮಾಡಲು ಎರಡು ಫೋಟೊಗಳಲ್ಲೂ ಒಂದೇ ಗುರುತು ಸಿಗಬೇಕು. ಖಾಲಿ ನೀರಿನಲ್ಲಿ ಏನು ಗುರುತಿದೆ? ಹೊಲಿಗೆ ತಪ್ಪುತ್ತದೆ. ಮಧ್ಯಾಹ್ನ ಹಾರಿಸಿದರೆ ಬಿಸಿಲಿನ ಪ್ರತಿಫಲನ ಬೇರೆ. ಪ್ರತಿ ಫೋಟೊದಲ್ಲೂ ದಡದ ಒಂದು ಚೂರು ಬರುವಂತೆ, ಬಿಸಿಲು ಏರುವ ಮೊದಲು ಅಂಚಿನಲ್ಲಿ ಹಾರಿಸುವುದು ಒಳ್ಳೆಯದು. ಇಡೀ ಕೆರೆಗೆ ಉಪಗ್ರಹ, ಅನುಮಾನ ಬಂದ ಮೂಲೆಗೆ ಮಾತ್ರ ಡ್ರೋನ್. ನಾವು ಮಾಡುವುದು ಹೀಗೆ.

ಅನುಮಾನದ ಮೂಲೆ ಯಾವುದು ಎಂದು ಹಿಂದಿನ ವರ್ಷಗಳ ಚಿತ್ರಗಳೇ ಹೇಳುತ್ತವೆ. ನಾನು ನೋಡಿದ ನಗರದ ಕೆರೆಗಳಲ್ಲಿ ಹೆಚ್ಚಿನವುಗಳ ಕಥೆ ಒಂದೇ. ಮೊದಲ ಹಸಿರು ಚೌಕಗಳು ರಾಜಕಾಲುವೆ ಕೆರೆಗೆ ಸೇರುವ ಬಾಯಲ್ಲಿ ಬರುತ್ತವೆ. ಕೊಳಚೆ ಬರುವುದೂ ಅಲ್ಲೇ, ಮೇಲಿನ ಕೆರೆಯಿಂದ ತೇಲಿ ಬಂದ ಗಿಡ ನಿಲ್ಲುವುದೂ ಅಲ್ಲೇ, ಹೂಳು ತುಂಬಿ ನೀರು ಆಳವಿಲ್ಲದಿರುವುದೂ ಅಲ್ಲೇ. ನಮ್ಮ ಕೆರೆಗಳು ಸರಪಳಿಯಾಗಿ ಒಂದಕ್ಕೊಂದು ಕೂಡಿಕೊಂಡಿವೆ. ಬೆಳ್ಳಂದೂರಿನ ನೀರು ವರ್ತೂರಿಗೆ, ವರ್ತೂರಿನದು ಮುಂದೆ ದಕ್ಷಿಣ ಪಿನಾಕಿನಿಗೆ. ಕೆಳಗಿನ ಕೆರೆಯನ್ನು ಮಾತ್ರ ಸ್ವಚ್ಛ ಮಾಡಿ ಮೇಲಿನದನ್ನು ಬಿಟ್ಟರೆ ಮೊದಲ ದೊಡ್ಡ ಮಳೆಗೆ ಕಳೆ ವಾಪಸ್. ಕೆಸರಿನಲ್ಲಿ ಬಿದ್ದ ಬೀಜವಂತೂ ವರ್ಷಗಟ್ಟಲೆ ಕಾದು ಮೊಳೆಯುತ್ತದೆ. ಹಾಗಾಗಿ ನಕ್ಷೆಯನ್ನು ಒಂದು ಕೆರೆಗೆ ಮಾಡಬೇಡಿ, ಸರಪಳಿಗೆ ಮಾಡಿ. ಕಾಲುವೆ ಬಾಯಿಯ ಇಪ್ಪತ್ತು ಮೂವತ್ತು ಚೌಕಗಳಿಗೆ ಗುರುತು ಹಾಕಿಕೊಳ್ಳಿ. ಅವು ಹಸಿರಾದ ವಾರವೇ ಗಿಡ ಮುಂದೆ ಹೋಗದಂತೆ ನೀರಿನ ಮೇಲೆ ತೇಲು ತಡೆ ಹಾಕಿ ಎತ್ತಿಸಿ. ಎತ್ತಿದ್ದನ್ನು ದಡದಲ್ಲಿ ರಾಶಿ ಹಾಕಲು ಬಿಡಬೇಡಿ. ಅಲ್ಲಿ ಕೊಳೆತರೆ ಅದೇ ಸಾರ ಮಳೆಯಲ್ಲಿ ಮತ್ತೆ ಕೆರೆಗೆ ಇಳಿಯುತ್ತದೆ. ಕೊಳಚೆಯನ್ನು ಶುದ್ಧ ಮಾಡದೆ ಕೆರೆಗೆ ಬಿಡುವುದು ನಿಲ್ಲುವವರೆಗೆ ಈ ಕೆಲಸ ಪ್ರತಿ ವರ್ಷದ್ದು. ಅದನ್ನು ನಿಲ್ಲಿಸಿ ಎಂದು ಕೇಳಲು ಹೋಗುವಾಗಲೂ ನಿಮ್ಮ ಕೈಯಲ್ಲಿ ಕಾಲುವೆ ಬಾಯಿಯ ನಾಲ್ಕು ವರ್ಷದ ಚಿತ್ರ ಇರಲಿ.

ಕೊನೆಯಲ್ಲಿ ಒಬ್ಬರು ಕೇಳಿದ ಪ್ರಶ್ನೆ ಎಲ್ಲರಿಗೂ ಬೇಕಾದದ್ದು: ‘ನಮ್ಮೂರಿನದು ಮೂರು ಎಕರೆ ಕುಂಟೆ. ಅದಕ್ಕೆ ಇದೆಲ್ಲ ನಡೆಯುತ್ತದೆಯೇ?’

ಮೂರು ಎಕರೆ ಅಂದರೆ ನೂರಿಪ್ಪತ್ತು ಚೌಕ. ಅಂಚಿನವನ್ನು ಬಿಟ್ಟರೆ ಎಪ್ಪತ್ತೋ ಎಂಬತ್ತೋ ಉಳಿಯುತ್ತವೆ. ಅಹಮದಾಬಾದಿನಲ್ಲಿರುವ ಇಸ್ರೊದ ಸ್ಪೇಸ್ ಅಪ್ಲಿಕೇಶನ್ಸ್ ಸೆಂಟರ್ 2011ರಲ್ಲಿ ತಂದ ದೇಶದ ಜೌಗು ಪ್ರದೇಶಗಳ ಅಟ್ಲಾಸ್‌ನಲ್ಲಿ 2.25 ಹೆಕ್ಟೇರ್‌ಗಿಂತ ಸಣ್ಣವನ್ನು ಬರೀ ಚುಕ್ಕೆಯಾಗಿ ಗುರುತಿಸಿದ್ದಾರೆ. ನಿಮ್ಮ ಕುಂಟೆಯೂ ಆ ಲೆಕ್ಕದ್ದೇ. ಸೆಂಟಿನೆಲ್‌ನಲ್ಲಿ ‘ಇದೆ, ಇಲ್ಲ, ಹೆಚ್ಚಾಗುತ್ತಿದೆ’ ಎಂಬಷ್ಟು ಖಂಡಿತ ತಿಳಿಯುತ್ತದೆ, ಯಾವ ಗಿಡ ಎಂದು ತಿಳಿಯುವುದು ಕಷ್ಟ. ಕೊಪರ್ನಿಕಸ್ ಬ್ರೌಸರ್ ಎಂಬ ಜಾಲತಾಣ ತೆರೆದು, ಕುಂಟೆಯ ಮೇಲೆ ಹೋಗಿ, ಎನ್‌ಡಿವಿಐ ಆರಿಸಿ ತಿಂಗಳಿಗೆ ಎರಡು ಸಲ ನೋಡಿದರೆ ಸಾಕು, ಏನೂ ಇನ್‌ಸ್ಟಾಲ್ ಮಾಡಬೇಕಿಲ್ಲ. ಅದರ ಜೊತೆಗೆ ಏರಿ ಮೇಲೆ ಒಂದು ಕಲ್ಲು ನೆಟ್ಟು, ಅಲ್ಲೇ ನಿಂತು, ಅದೇ ದಿಕ್ಕಿಗೆ, ಪ್ರತಿ ತಿಂಗಳ ಮೊದಲ ಭಾನುವಾರ ಮೊಬೈಲ್‌ನಲ್ಲಿ ಒಂದು ಫೋಟೊ ತೆಗೆಯಿರಿ. ಚೌಕಟ್ಟಿನಲ್ಲಿ ತೂಬು, ನೀರು ಬರುವ ಬಾಯಿ ಎರಡೂ ಇರಬೇಕು. ಫೋಟೊದ ಹೆಸರಿನಲ್ಲಿ ಮೊದಲು ವರ್ಷ, ಆಮೇಲೆ ತಿಂಗಳು, ಆಮೇಲೆ ದಿನ ಬರೆಯಿರಿ. ಆಗ ಎಲ್ಲವೂ ತಾವಾಗಿಯೇ ಸಾಲಾಗಿ ಕೂರುತ್ತವೆ. ಊರಿನ ಶಾಲೆಯ ಎಂಟನೇ ತರಗತಿಯವರಿಗೆ ಈ ಕೆಲಸ ಒಪ್ಪಿಸಿ, ಅವರು ತಪ್ಪಿಸುವುದಿಲ್ಲ.